ಬೀಳದವನಿಗೆ ಸೊನ್ನೆ, ಬಿದ್ದವನಿಗೆ ಅಂಕ: ಫಿಗರ್ ಸ್ಕೇಟಿಂಗ್ ನೋಡುವುದು ಹೇಗೆ, ಮಗಳಿಗೆ ಕಲಿಸುವುದು ಹೇಗೆ?

ಕೇಳಿದವರು, ಬಿಜೈ, ಮಂಗಳೂರು

ಮಗಳಿಗೆ ಒಂಬತ್ತು ವರ್ಷ. ಸಂಜೆ ರೋಲರ್ ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಾಳೆ. 2026ರ ಫೆಬ್ರವರಿಯಲ್ಲಿ ಮಿಲಾನ್‌ನ ಚಳಿಗಾಲದ ಒಲಿಂಪಿಕ್ಸ್ ನೋಡಿದ ಮೇಲೆ ಅವಳಿಗೆ ಫಿಗರ್ ಸ್ಕೇಟಿಂಗಿನದ್ದೇ ಹುಚ್ಚು. ನಾವೂ ಜೊತೆಗೆ ಕೂತು ನೋಡಿದೆವು. ಕುಣಿತ ಚಂದ, ಆದರೆ ಅಂಕದ ಲೆಕ್ಕ ತಲೆಗೆ ಹೋಗಲಿಲ್ಲ. ಬಿದ್ದವರಿಗೂ ಅಂಕ ಸಿಗುತ್ತದೆ, ಬೀಳದವರು ಹಿಂದೆ ಉಳಿಯುತ್ತಾರೆ. ಅಮೆರಿಕದ ಮಲಿನಿನ್ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವನು, ಕೊನೆಗೆ ಎಂಟನೆಯವನಾದ. ಇದನ್ನು ನೋಡಿ ಅರ್ಥ ಮಾಡಿಕೊಳ್ಳುವುದು ಹೇಗೆ? ಐಸೇ ಇಲ್ಲದ ನಮ್ಮ ಊರಲ್ಲಿ ಇದನ್ನು ಕಲಿಸಲಿಕ್ಕೆ ಆಗುತ್ತದಾ? ಅನುಭವ ಇದ್ದವರು ಹೇಳಿ.

ಉಡುಪಿ, ಕುಂಜಿಬೆಟ್ಟು

ನಾನು ಸ್ಕೇಟಿಂಗ್ ಮಾಡಿದವನಲ್ಲ. ಸುಮಾರು ವರ್ಷದಿಂದ ರಾತ್ರಿ ನಿದ್ದೆ ಬಿಟ್ಟು ನೋಡುವವನು, ಅಷ್ಟೇ.

ಬಿದ್ದದ್ದನ್ನು ಎಣಿಸುವುದನ್ನು ಮೊದಲು ಬಿಡಿ. ಪ್ರತಿ ಜಂಪಿಗೂ ಒಂದು ಮೂಲ ಬೆಲೆ ಉಂಟು. ನಾಲ್ಕು ಸುತ್ತಿನ ಲುಟ್ಸ್ ಎಂಬ ಜಂಪಿಗೆ 11.5, ಮೂರು ಸುತ್ತಿನ ಟೋ ಲೂಪ್‌ಗೆ 4.2. ಅದರ ಮೇಲೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಗುಣಮಟ್ಟದ ಅಂಕ ಹಾಕುತ್ತಾರೆ. ಒಂದೊಂದು ಹಂತಕ್ಕೆ ಮೂಲ ಬೆಲೆಯ ಹತ್ತರಲ್ಲೊಂದು ಪಾಲು. ಲುಟ್ಸ್ ಪೂರ್ತಿ ತಿರುಗಿ ಬಿದ್ದರೆ ಮೈನಸ್ 5, ಅಂದರೆ ಅರ್ಧ ಬೆಲೆ ಹೋಗುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಹೋಗುತ್ತದೆ. ಆದರೂ 4.75 ಉಳಿಯಿತಲ್ಲ! ಟೋ ಲೂಪಿನ ಮೂಲ ಬೆಲೆಗಿಂತ ಅದು ಜಾಸ್ತಿ. ಅದಕ್ಕೇ ಅವರು ಬೀಳುವ ಧೈರ್ಯ ಮಾಡುತ್ತಾರೆ.

ಇದರ ಉಲ್ಟಾ ನೋಡಬೇಕಾದರೆ 2022ರ ಬೀಜಿಂಗ್ ಒಲಿಂಪಿಕ್ಸ್ ನೆನಪು ಮಾಡಿ. ಜಪಾನಿನ ಯುಜುರು ಹನ್ಯು 2014 ಮತ್ತು 2018ರ ಚಿನ್ನದ ಹುಡುಗ. ಶಾರ್ಟ್ ಪ್ರೋಗ್ರಾಮಿನ, ಅಂದರೆ ಮೊದಲ ದಿನದ ಚಿಕ್ಕ ಪ್ರದರ್ಶನದ, ಮೊದಲ ಜಂಪ್‌ಗೇ ಐಸಿನಲ್ಲಿದ್ದ ಗುಂಡಿಗೆ ಅವನ ಬ್ಲೇಡ್ ಸಿಕ್ಕಿತು. ನಾಲ್ಕು ಸುತ್ತು ತಿರುಗಬೇಕಾದಲ್ಲಿ ಒಂದೇ ಸುತ್ತು ಆಯಿತು. ಬೀಳಲಿಲ್ಲ, ಚಂದಕ್ಕೇ ಇಳಿದ. ಆದರೆ ಶಾರ್ಟ್‌ನಲ್ಲಿ ಒಂಟಿ ಸುತ್ತಿಗೆ ಬೆಲೆಯೇ ಇಲ್ಲ. ಸೊನ್ನೆ. ಎಂಟನೇ ಸ್ಥಾನಕ್ಕೆ ಇಳಿದವನು ಕೊನೆಗೆ ನಾಲ್ಕಕ್ಕೆ ಬಂದು ನಿಂತ.

ಹೆಂಗಸರಲ್ಲಿ ಅದೇ ಬೀಜಿಂಗಿನಲ್ಲಿ ರಷ್ಯಾದ ಟ್ರುಸೋವಾ ಫ್ರೀ ಸ್ಕೇಟಿನಲ್ಲಿ, ಅಂದರೆ ಎರಡನೇ ದಿನದ ಉದ್ದದ ಪ್ರದರ್ಶನದಲ್ಲಿ, ಐದು ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಹಾರಿದಳು. ಆ ಸುತ್ತನ್ನು ಗೆದ್ದಳು ಕೂಡ. ಚಿನ್ನ ಮಾತ್ರ ಅವಳದ್ದೇ ದೇಶದ ಶೆರ್ಬಕೋವಾಗೆ ಹೋಯಿತು. ಯಾಕೆಂದರೆ ಟ್ರುಸೋವಾ ಶಾರ್ಟ್‌ನಲ್ಲಿ ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಜಂಪ್‌ಗೆ ಬಿದ್ದಿದ್ದಳು. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂದು ಕೊಡುವ ಅಂಕದಲ್ಲೂ ಹಿಂದಿದ್ದಳು. ಎರಡು ದಿನದ ಮೊತ್ತ ಅಲ್ವಾ, ಒಂದು ದಿನದ ಶೌರ್ಯ ಸಾಲುವುದಿಲ್ಲ.

ಟೀವಿಯಲ್ಲಿ ಮೂಲೆಯ ಚಿಕ್ಕ ಚೌಕಗಳನ್ನು ನೋಡುತ್ತಾ ಇರಿ. ಹಸಿರು ಬಂದರೆ ಒಳ್ಳೆಯದು, ಕೆಂಪು ಬಂದರೆ ನಷ್ಟ, ಹಳದಿ ಎಂದರೆ ಸುತ್ತು ಪೂರ್ತಿ ಆಯಿತಾ ಎಂದು ಇನ್ನೊಮ್ಮೆ ನೋಡುತ್ತಿದ್ದಾರೆ. ಆ ಪರೀಕ್ಷೆ ಮಾಡುವವರೇ ಬೇರೆ, ಗುಣಮಟ್ಟಕ್ಕೆ ಅಂಕ ಹಾಕುವ ಒಂಬತ್ತು ಜನ ಬೇರೆ. ಆ ಒಂಬತ್ತರಲ್ಲಿ ಅತಿ ಜಾಸ್ತಿ ಒಂದು, ಅತಿ ಕಡಿಮೆ ಒಂದು ತೆಗೆದು ಸರಾಸರಿ ಮಾಡುತ್ತಾರೆ. ಇಷ್ಟೆಲ್ಲ ಬಿಗಿ ಬಂದದ್ದು 2002ರ ಸಾಲ್ಟ್ ಲೇಕ್ ಸಿಟಿಯ ಗಲಾಟೆಯಿಂದ. ಆಗ ಜೋಡಿ ಸ್ಪರ್ಧೆಯ ತೀರ್ಪಿನಲ್ಲಿ ಒಳ ಒಪ್ಪಂದದ ಆರೋಪ ಎದ್ದು, ಕೊನೆಗೆ ರಷ್ಯಾ ಮತ್ತು ಕೆನಡಾ ಎರಡೂ ಜೋಡಿಗೆ ಚಿನ್ನ ಕೊಟ್ಟರು. ಆರಕ್ಕೆ ಅಂಕ ಕೊಡುವ ಹಳೆಯ 6.0 ಪದ್ಧತಿಯೂ ಆಮೇಲೆ ಹೋಯಿತು.

ಕಟೀಲು ಕಡೆಯವರು

ಮಾರಾಯ್ರೆ, ಇಷ್ಟು ಗಣಿತ ಹೇಳಿದರೆ ಮಗು ಟೀವಿ ಆಫ್ ಮಾಡಿ ಎದ್ದುಹೋಗುತ್ತದೆ! ಯಕ್ಷಗಾನದ ಆಟದಲ್ಲಿ ವೇಷಧಾರಿ ದಿಗಿಣ ಹಾರುವಾಗ ನಾವು ಎಷ್ಟು ಸುತ್ತು ಎಂದು ಎಣಿಸುತ್ತೇವೆ, ಸರಿ. ಆದರೆ ಮೆಚ್ಚುವುದು ಅವನು ತಾಳ ಬಿಡದೆ ನಿಂತದ್ದಕ್ಕೆ. ಇಲ್ಲೂ ಹಾಗೆಯೇ ನೋಡಿ. ಜಂಪ್ ಮುಗಿದು ಹಿಂದಕ್ಕೆ ಜಾರುವಾಗ ವೇಗ ಉಳಿಯಿತಾ, ಸಂಗೀತದ ಪೆಟ್ಟಿಗೆ ಸರಿಯಾಗಿ ಇಳಿದರಾ, ಅಷ್ಟು ಸಾಕು. ಉಡುಪಿಯವರ ಲೆಕ್ಕ ಆಮೇಲೆ ತಾನಾಗಿ ಬರುತ್ತದೆ.

ಕುಂಜಿಬೆಟ್ಟಿನವರು

ಒಪ್ಪಿದೆ. ಆದರೆ ಆಕ್ಸೆಲ್ ಒಂದನ್ನು ಮಗುವಿಗೆ ತೋರಿಸಿ. ಆರು ಬಗೆಯ ಜಂಪಿನಲ್ಲಿ ಮುಂದಕ್ಕೆ ಮುಖ ಮಾಡಿ ಹಾರುವುದು ಅದೊಂದೇ. ಹಾಗಾಗಿ ಅರ್ಧ ಸುತ್ತು ಜಾಸ್ತಿ. ಅದೊಂದು ಗುರುತು ಸಿಕ್ಕಿದರೆ ಉಳಿದದ್ದು ನಿಧಾನ ಕಣ್ಣಿಗೆ ಹತ್ತುತ್ತದೆ. ನಾಲ್ಕೂವರೆ ಸುತ್ತಿನ ಆಕ್ಸೆಲನ್ನು ಸ್ಪರ್ಧೆಯಲ್ಲಿ ಮೊದಲು ಸರಿಯಾಗಿ ಇಳಿಸಿದವನು ನೀವು ಹೇಳಿದ ಅದೇ ಮಲಿನಿನ್, 2022ರಲ್ಲಿ.

ಮಂಗಳೂರು, ಉರ್ವಾ

ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನನ್ನ ಮಗನೂ ಚಕ್ರದ ಮೇಲೆಯೇ ಬೆಳೆದವನು.

ಕ್ಲಾಸಿನಲ್ಲಿ ಕಲಿಸುವುದು ಸ್ಪೀಡಾ, ಆರ್ಟಿಸ್ಟಿಕ್ಕಾ ಎಂದು ಮೊದಲು ಕೇಳಿ. ಇದನ್ನು ಕೇಳದೆ ಫೀಸು ಕಟ್ಟುವವರೇ ಜಾಸ್ತಿ. ಸ್ಪೀಡಿನಲ್ಲಿ ಬಗ್ಗಿ ಓಡುವುದನ್ನು ಕಲಿಸುತ್ತಾರೆ. ಆರ್ಟಿಸ್ಟಿಕ್ ಸ್ಕೇಟಿಂಗಿನಲ್ಲಿ ಮಾತ್ರ ಆಕ್ಸೆಲ್, ಲುಟ್ಸ್, ಸ್ಪಿನ್ ಎಲ್ಲ ಇರುವುದು, ಐಸಿನವರ ಹೆಸರಿನಲ್ಲೇ. ಅದು ಒಲಿಂಪಿಕ್ಸಿನಲ್ಲಿ ಇಲ್ಲ, ಆದರೆ ಸಣ್ಣ ವಿಷಯವಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮ ಒಬ್ಬರೇ ಒಂದು ಕಂಚು, ಅವನಿ ಪಾಂಚಾಲ್ ಜೊತೆ ಇನ್ನೊಂದು ಕಂಚು ತಂದರು.

ಸ್ಕೇಟ್ ತೆಗೆದುಕೊಳ್ಳುವಾಗ ಬೂಟು ಹಿಮ್ಮಡಿಗೆ ಗಟ್ಟಿ ಕೂರಬೇಕು. 'ಬೆಳೆಯುವ ಮಗು, ಎರಡು ಸೈಜ್ ದೊಡ್ಡದಿರಲಿ' ಎಂಬ ಲೆಕ್ಕ ಇಲ್ಲಿ ಬೇಡ, ಪಾದದ ಗಂಟು ಹೊರಳುತ್ತದೆ. ಮುಂದೆ ಐಸಿಗೆ ಹೋಗುವ ಆಸೆ ಇದ್ದರೆ ಒಂದೇ ಸಾಲಿನ ಚಕ್ರ, ಮುಂದೆ ರಬ್ಬರ್ ಸ್ಟಾಪರ್ ಇರುವ ಫಿಗರ್ ಇನ್‌ಲೈನ್ ಸ್ಕೇಟ್ ಸಿಗುತ್ತದೆ, ತರಿಸಬೇಕು. ದುಬಾರಿ. ಒಂದೆರಡು ವರ್ಷ ಮಗಳ ಆಸೆ ಉಳಿದರೆ ಮಾತ್ರ ಆ ಖರ್ಚಿಗೆ ಕೈಹಾಕಿ.

ಜೂನ್ ಬಂತೆಂದರೆ ಬಯಲು ರಿಂಕ್ ಬಂದ್. ಆ ತಿಂಗಳುಗಳಲ್ಲಿ ಚಾವಡಿಯಲ್ಲಿ ಬರಿಗಾಲಲ್ಲೇ ಹಾರಿ ತಿರುಗಿ ಒಂಟಿ ಕಾಲಲ್ಲಿ ಇಳಿಯುವ ಅಭ್ಯಾಸ ಮಾಡಿಸಿ. ಐಸ್ ಇರುವ ದೇಶದವರೂ ಜಂಪನ್ನು ನೆಲದ ಮೇಲೆ ಅಭ್ಯಾಸ ಮಾಡುತ್ತಾರೆ. ನಾವೇನೋ ಕಡಿಮೆಯದ್ದು ಮಾಡುತ್ತಿದ್ದೇವೆ ಎಂದುಕೊಳ್ಳಬೇಡಿ.

ಕಾಪು ಮೂಲ, ಈಗ ಕೆನಡಾ

ಇಲ್ಲಿ ಮಕ್ಕಳಿಗೆ ಮೊದಲ ಪಾಠವೇ ಬೀಳುವುದು. ಪಕ್ಕಕ್ಕೆ ಬೀಳಬೇಕು, ಕೈ ಊರಬಾರದು, ಮಂಡಿಯೂರಿ ಏಳಬೇಕು. ಇದು ಚಕ್ರಕ್ಕೂ ಆಗುತ್ತದೆ, ಇವತ್ತೇ ಹೇಳಿಕೊಡಿ. ಚಕ್ರದಿಂದ ಬಂದ ಮಕ್ಕಳು ಐಸಿನಲ್ಲಿ ಸಮತೋಲ ಹಿಡಿಯುವುದು ಬೇಗ ಕಲಿಯುತ್ತಾರೆ. ತೊಡಕಾಗುವುದು ಬ್ಲೇಡಿನ ಅಂಚು. ಬ್ಲೇಡಿನ ಅಡಿಯಲ್ಲಿ ನಡುವೆ ಸಣ್ಣ ತೋಡು ಉಂಟು, ಎರಡು ಬದಿಗೆ ಎರಡು ಅಂಚು. ಒಳ ಅಂಚು, ಹೊರ ಅಂಚು ಯಾವುದು ಎಂಬುದರ ಮೇಲೆಯೇ ಜಂಪಿನ ಹೆಸರು ಬದಲಾಗುತ್ತದೆ. ಅದನ್ನು ಐಸಿನ ಮೇಲೆಯೇ ಕಲಿಯಬೇಕು.

ಬಿಜೈಯಿಂದ ಪುನಃ

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದೇಶದಲ್ಲಿ ಐಸ್ ಎಲ್ಲಿ ಉಂಟು? ಈಗಲೇ ತಡವಾಯಿತಾ?

ಉರ್ವಾದವರು

ದೆಹರಾಡೂನ್‌ನಲ್ಲಿ ಒಳಾಂಗಣ ರಿಂಕ್ ಉಂಟು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು. ವರ್ಷಗಟ್ಟಲೆ ಬೀಗ ಬಿದ್ದಿತ್ತು, 2025ರಲ್ಲಿ ಪುನಃ ತೆರೆಯಿತು. ಶಿಮ್ಲಾದ ಹಳೆಯ ರಿಂಕಿನಲ್ಲಿ ಚಳಿಗಾಲದಲ್ಲಿ ಮಾತ್ರ ಐಸ್. ರಜೆಗೆ ಆ ಕಡೆ ಹೋದರೆ ಮಗಳನ್ನು ಒಮ್ಮೆ ಐಸಿನ ಮೇಲೆ ನಿಲ್ಲಿಸಿ ನೋಡಿ, ಮಗುವಿಗೆ ಇಷ್ಟವಾ ಭಯವಾ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಭಾರತದ ಪರ ಸ್ಪರ್ಧಿಸುವ ತಾರಾ ಪ್ರಸಾದ್ ಕೂಡ ಹುಟ್ಟಿದ್ದು ಅಮೆರಿಕದಲ್ಲಿ. ಅದಕ್ಕೇ ಮಗುವಿಗೆ ಈಗಲೇ ಒಲಿಂಪಿಕ್ಸ್ ಆಸೆ ಹುಟ್ಟಿಸುವುದು ಬೇಡ ಎಂದು ನನ್ನ ಅಭಿಪ್ರಾಯ.

ಕುಂಜಿಬೆಟ್ಟಿನವರು

ತಡ ಏನೂ ಅಲ್ಲ. ಹಿರಿಯರ ಸ್ಪರ್ಧೆಗೆ ಈಗ ಕನಿಷ್ಠ 17 ವರ್ಷ ಆಗಿರಬೇಕು. ಮೊದಲು 15 ಇತ್ತು. ಮಿಲಾನ್‌ನಲ್ಲಿ ಹೆಂಗಸರ ಚಿನ್ನ ಗೆದ್ದ ಅಲಿಸಾ ಲಿಯು 16ಕ್ಕೇ ಸಾಕೆಂದು ಬಿಟ್ಟುಹೋಗಿದ್ದಳು, 2024ರಲ್ಲಿ ವಾಪಸು ಬಂದಳು.

ಇನ್ನು ನೋಡಲಿಕ್ಕೆ ನಾಲ್ಕು ವರ್ಷ ಕಾಯಬೇಕಿಲ್ಲ. ಅಕ್ಟೋಬರಿನಿಂದ ಗ್ರ್ಯಾನ್ ಪ್ರೀ ಸ್ಪರ್ಧೆಗಳು, ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಯುರೋಪಿನಲ್ಲಿ ನಡೆದರೆ ಚಳಿಗಾಲದಲ್ಲಿ ಅಲ್ಲಿನ ಸಂಜೆ ಏಳು ನಮಗೆ ರಾತ್ರಿ ಹನ್ನೊಂದೂವರೆ. ಶಾಲೆ ಇರುವ ದಿನ ಮಗುವನ್ನು ಮಲಗಿಸಿ, ಮರುದಿನ ತೋರಿಸಿ. ಫಲಿತಾಂಶ ಮಾತ್ರ ಮೊದಲೇ ಹೇಳಬೇಡಿ.