‘ಹಳೆಮನೆ ಬಳಗ’ ಗುಂಪಿಗೆ ಬಂದ ಅಂಕಪಟ್ಟಿಯ ಸಂದೇಶ

ಪ್ರಭಾಕರ: (ಹಲವು ಬಾರಿ ಫಾರ್ವರ್ಡ್ ಆಗಿದೆ) “ಪೋಷಕರೇ ಎಚ್ಚರ! ಮೊಬೈಲ್‌ನಲ್ಲಿರುವ ಪದವಿ ಅಂಕಪಟ್ಟಿಗಳು ಇನ್ನು ಮುಂದೆ ಅಮಾನ್ಯ. ಸರ್ಕಾರಿ ಕಾಲೇಜಿನ ಮಕ್ಕಳ ಭವಿಷ್ಯ ಬೀದಿಗೆ! ಎಲ್ಲ ಗುಂಪುಗಳಿಗೂ ತಲುಪಿಸಿ.”

ಪ್ರಭಾಕರ: ಸಹನಾಳನ್ನು ಆ ಕಾಲೇಜಿಗೆ ಸೇರಿಸಬೇಡಿ ಎಂದು ನಾನು ಆಗಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಸುಮಿತ್ರಾ: ಅಯ್ಯೋ, ಅವಳ ಅಂಕಪಟ್ಟಿ ಸಿಗದಿರುವುದು ಇದಕ್ಕೇ ಇರಬೇಕು. ಆ ಕಚೇರಿಯವರಿಗೆ ಮನುಷ್ಯತ್ವವೇ ಇಲ್ಲ.

ಗಿರೀಶ: ದೊಡ್ಡಪ್ಪ, ಆದೇಶದ ಸಂಖ್ಯೆ ಎಲ್ಲಿ? ದಿನಾಂಕ, ಇಲಾಖೆ, ಸಹಿ ಯಾವುದೂ ಇಲ್ಲ. ದಾಖಲೆಗಳನ್ನು ಮೊಬೈಲ್‌ನಲ್ಲಿ ಇಡುವ ಸರ್ಕಾರದ ಡಿಜಿಲಾಕರ್ ಮೂಲಕ ವಿಶ್ವವಿದ್ಯಾಲಯವೇ ನೀಡಿದ ಅಂಕಪಟ್ಟಿಗೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳಲ್ಲೇ ಅದಕ್ಕೆ ಆಧಾರವಿದೆ. ಇದು ಸುಳ್ಳು ಸಂದೇಶ.

ಪ್ರಭಾಕರ: ನಿನಗೆ ಎಲ್ಲದಕ್ಕೂ ಆಧಾರ ಬೇಕು. ದೇವರ ಕಾರ್ಯದ ಖರ್ಚಿನ ಲೆಕ್ಕವನ್ನೂ ಹೀಗೆಯೇ ಕೇಳಿದ್ದೆ.

ಗಿರೀಶ: ಅದನ್ನು ಇನ್ನೂ ಕೊಟ್ಟಿಲ್ಲ.

ನಾಗರಾಜ: ಹಿರಿಯರೊಂದಿಗೆ ಮಾತನಾಡುವ ರೀತಿಯೇ ಇದು? ಇಂದಿನ ಮಕ್ಕಳಿಗೆ ತಾಳ್ಮೆ ಇಲ್ಲ. ಕಚೇರಿಗೆ ಹೋದಾಗ ಕೈಮುಗಿದು, ವಿನಯದಿಂದ ಕೇಳಬೇಕು. ನಾನು ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನು. ವಿನಯದಿಂದ ಬಂದವರ ಕೆಲಸ ಎಂದೂ ನಿಂತಿಲ್ಲ.

ವಿಶ್ವನಾಥ: ನಮ್ಮ ಕಾಲೇಜಿನ ದಿನಗಳು ನೆನಪಾದವು! ಚಲನ್ ತುಂಬಿಸಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವುದು, ಸಾಗರದ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಬರುವುದು, ಮಳೆಗಾಲದಲ್ಲಿ ಜೋಗಕ್ಕೆ ಓಡುವುದು. ರಮೇಶಾ, ಆ ಫೋಟೊ ನಿನ್ನ ಹತ್ತಿರ ಇದೆಯೇ?

ಸಹನಾ: ದೊಡ್ಡಪ್ಪ, ಆ ಸಂದೇಶಕ್ಕೂ ನನ್ನ ಸಮಸ್ಯೆಗೂ ಸಂಬಂಧವಿಲ್ಲ. ಅಂಕಪಟ್ಟಿ ನನ್ನ ಮೊಬೈಲ್‌ನಲ್ಲಿ ಇದೆ. ಅದರಲ್ಲಿ ಮೂರನೆಯ ಸೆಮಿಸ್ಟರಿನ ಅರ್ಥಶಾಸ್ತ್ರಕ್ಕೆ ಗೈರುಹಾಜರಿ ಎಂದು ಬಂದಿದೆ. ನಾನು ಆ ಪರೀಕ್ಷೆ ಬರೆದಿದ್ದೇನೆ, ಹಾಜರಾತಿ ಹಾಳೆಯಲ್ಲಿ ಸಹಿ ಹಾಕಿದ್ದೇನೆ. ಕಾಲೇಜಿನಲ್ಲಿ ಕೇಳಿದರೆ, ಯುಯುಸಿಎಂಎಸ್‌ನಲ್ಲಿ (ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಅಂಕ ತಿದ್ದುವುದು ನಮ್ಮ ಕೈಯಲ್ಲಿಲ್ಲ, ವಿಶ್ವವಿದ್ಯಾಲಯಕ್ಕೆ ಹೋಗು ಎನ್ನುತ್ತಾರೆ. ಎರಡು ಬಸ್ ಬದಲಿಸಿ ಅಲ್ಲಿಗೆ ಹೋದರೆ, ಪರೀಕ್ಷಾಂಗ ವಿಭಾಗದ ಕಿಟಕಿಯಲ್ಲಿ ಪ್ರಾಂಶುಪಾಲರ ಪತ್ರ ಕೇಳುತ್ತಾರೆ. ಪತ್ರ ತಂದರೆ ಹಾಜರಾತಿ ಹಾಳೆಯ ದೃಢೀಕೃತ ಪ್ರತಿ ಬೇಕು. ಅದನ್ನು ಕೊಡಬೇಕಾದವರು ಚುನಾವಣಾ ತರಬೇತಿಗೆ ಹೋಗಿದ್ದಾರೆ. ಏನೇನು ಬೇಕು ಎಂದು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತು. ಮಾವ, ನಾನು ಕೈಮುಗಿದೇ ಕೇಳಿದ್ದೇನೆ.

ಸುಮಿತ್ರಾ: ಬಿ.ಇಡಿ. ಸೀಟಿನ ಗತಿ ಏನು?

ಸಹನಾ: ಈ ಪತ್ರಿಕೆ ಪಾಸಾಗದೆ ಪದವಿಯೇ ಪೂರ್ಣವಾಗುವುದಿಲ್ಲ ಅತ್ತೆ. ದಾಖಲೆ ಪರಿಶೀಲನೆಗೆ ಏನನ್ನು ತೋರಿಸಲಿ?

ಪ್ರಭಾಕರ: ಅದನ್ನೇ ನಾನು ಹೇಳಿದ್ದು. ಸ್ವಲ್ಪ ಖರ್ಚು ಮಾಡಿ ಖಾಸಗಿ ಕಾಲೇಜಿಗೆ ಸೇರಿಸಿದ್ದರೆ ಇದೆಲ್ಲ ಇರುತ್ತಿರಲಿಲ್ಲ.

ಶ್ರೀಧರ: ಎಲ್ಲಿಂದ ಖರ್ಚು ಮಾಡಬೇಕಿತ್ತು ಅಣ್ಣ? ಅಪ್ಪ ಕೆಳಗಿನ ತೋಟ ಮಾರಿದ್ದು ನಿನ್ನ ಮಗನ ಎಂಜಿನಿಯರಿಂಗ್ ಸೀಟಿಗೆ. ಆಗ ನಾನು ಒಂದು ಮಾತೂ ಆಡಲಿಲ್ಲ.

ಪ್ರಭಾಕರ: ಅದು ಅಪ್ಪ ಸ್ವಇಚ್ಛೆಯಿಂದ ಮಾರಿದ್ದು. ಗುಂಪಿನಲ್ಲಿ ತೋಟದ ವಿಷಯ ಬೇಡ.

ನಾಗರಾಜ: ಇಬ್ಬರೂ ಸುಮ್ಮನಿರಿ. ಹೆಣ್ಣುಮಕ್ಕಳು ಓದುತ್ತಾರೆ ಇದನ್ನೆಲ್ಲ.

ರಮೇಶ: ಮನುಷ್ಯತ್ವ ಇಲ್ಲ ಎಂದು ಚಿಕ್ಕಮ್ಮ ಬರೆದಿದ್ದಾರೆ. ನಾನೂ ಅಂತಹದೇ ಒಂದು ಕಾಲೇಜಿನಲ್ಲಿ ದ್ವಿತೀಯ ದರ್ಜೆ ಸಹಾಯಕ, ಅದು ಎಲ್ಲರಿಗೂ ಗೊತ್ತಿದೆ. ಪ್ರವೇಶಾತಿ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ವರ್ಗಾವಣೆ ಪತ್ರ, ಅತಿಥಿ ಉಪನ್ಯಾಸಕರ ಬಿಲ್ಲು ಎಲ್ಲವೂ ನನ್ನ ಒಂದೇ ಮೇಜಿಗೆ ಬರುತ್ತವೆ. ಪಕ್ಕದ ಹುದ್ದೆ ಖಾಲಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಬೈಗುಳ ನನಗೆ. ಸರ್ವರ್ ನಿಧಾನವಾದರೂ ಬೈಗುಳ ನನಗೇ.

ಸಹನಾ: ರಮೇಶಣ್ಣ, ಕೆಲಸದ ಹೊರೆ ನನಗೆ ಅರ್ಥವಾಗುತ್ತದೆ. ಆದರೆ ಆ ಹೊರೆಯನ್ನು ಕಡೆಗೆ ನಾವೇ ಹೊರುತ್ತಿದ್ದೇವೆ. ಶುಲ್ಕ ಕಡಿಮೆ ಎಂದು ಎಲ್ಲರೂ ಹೇಳುತ್ತೀರಿ. ನನ್ನ ಗೆಳತಿಯ ತಾಯಿ ಕೂಲಿ ಬಿಟ್ಟು ಮಗಳ ಜೊತೆ ಕಿಟಕಿಯ ಮುಂದೆ ನಿಂತಿದ್ದರು. ಊಟದ ಸಮಯ ಎಂದು ಕಿಟಕಿ ಮುಚ್ಚಿದರು, ಆ ದಿನ ಮತ್ತೆ ತೆರೆಯಲಿಲ್ಲ. ಕಳೆದುಹೋದ ಕೂಲಿಯೂ ನಮ್ಮ ಶುಲ್ಕವೇ ಅಲ್ಲವೇ? ದುಡ್ಡಿದ್ದವರು ಇನ್ನೊಂದು ಕಡೆ ಸೇರಿ ವರ್ಷ ಉಳಿಸಿಕೊಳ್ಳುತ್ತಾರೆ. ನಮಗೆ ಇರುವುದು ಇದೊಂದೇ ಕಾಲೇಜು, ಇದೊಂದೇ ಪದವಿ.

ರಮೇಶ: ನೀನು ಹೇಳುವುದು ಸರಿ. ಸಿಬ್ಬಂದಿ ಕಡಿಮೆ ಇರುವುದು ನಿಜ, ಅದಕ್ಕಾಗಿ ತಪ್ಪು ದಾರಿ ತೋರಿಸಬೇಕಾಗಿಲ್ಲ. ತಿದ್ದುಪಡಿಯ ಪತ್ರವನ್ನು ಕಾಲೇಜೇ ಪರೀಕ್ಷಾಂಗ ಕುಲಸಚಿವರಿಗೆ ಕಳುಹಿಸಬೇಕಿತ್ತು. ಅದನ್ನು ನಿನ್ನ ಕೈಗೆ ಕೊಟ್ಟು ಓಡಾಡಿಸಿದ್ದು ತಪ್ಪು.

ಗಿರೀಶ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ದೂರು ವಿಚಾರಿಸುವವರಿಗೆ, ಮೇಲ್ಮನವಿ ಸಲ್ಲಿಸಬಹುದು.

ಸುಮಿತ್ರಾ: ಅಷ್ಟೆಲ್ಲ ದೂರು ಕೊಟ್ಟರೆ ಹುಡುಗಿಯ ಮೇಲೆ ಹಗೆ ಸಾಧಿಸುವುದಿಲ್ಲವೇ?

ವಿಶ್ವನಾಥ: ಫೋಟೊ ಸಿಕ್ಕಿತು! ಎಡಗಡೆ ಇರುವುದು ಶ್ರೀಧರ ಚಿಕ್ಕಪ್ಪ, ಎಷ್ಟು ತೆಳ್ಳಗಿದ್ದರು ನೋಡಿ.

ರಮೇಶ: ಚಿಕ್ಕಮ್ಮ, ಬರವಣಿಗೆಯಲ್ಲಿ ಕೊಟ್ಟರೆ ಯಾರಾದರೂ ಬರವಣಿಗೆಯಲ್ಲೇ ಉತ್ತರಿಸಬೇಕಾಗುತ್ತದೆ. ಸಹನಾ, ಪ್ರಾಂಶುಪಾಲರ ಹೆಸರಿಗೆ ಅರ್ಜಿ ಬರೆ. ನೋಂದಣಿ ಸಂಖ್ಯೆ, ವಿಷಯದ ಸಂಕೇತ, ಪರೀಕ್ಷೆಯ ದಿನಾಂಕ, ಕೊಠಡಿ ಸಂಖ್ಯೆ ಹಾಕು. ಪ್ರವೇಶಪತ್ರದ ನಕಲನ್ನು ಲಗತ್ತಿಸು. ಸಮಿತಿಗೂ ಒಂದು ಪ್ರತಿ ಕೊಡು. ನಿನ್ನ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಬೀಳದೆ ಅಲ್ಲಿಂದ ಹೊರಡಬೇಡ. ಇಂದು ರಾತ್ರಿ ಕರಡು ಕಳುಹಿಸು, ನಾನು ನೋಡುತ್ತೇನೆ.

ಸಹನಾ: ಆಗಲಿ ಅಣ್ಣ. ಒಂಬತ್ತರೊಳಗೆ ಕಳುಹಿಸುತ್ತೇನೆ.

ಪ್ರಭಾಕರ: ಸೋಮವಾರ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಶ್ರೀಧರ: ಬೇಡ ಅಣ್ಣ. ಬಸ್ಸಿದೆ, ನಾನೇ ಹೋಗುತ್ತೇನೆ.

ಸಹನಾ: ಅಪ್ಪ, ದೊಡ್ಡಪ್ಪ ಬರಲಿ. ಹತ್ತು ಗಂಟೆಗೆ ಕಿಟಕಿ ತೆರೆಯುವಾಗ ನಾವು ಅಲ್ಲಿರಬೇಕು, ಬಸ್ ತಲುಪುವುದು ಹನ್ನೊಂದಕ್ಕೆ.