ಸಹಾಯ ಬೇಕು: ಕೆರೆಯನ್ನು ಪುರಸಭೆಯ ಆಸ್ತಿ ವಹಿಗೆ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪುರಸಭೆಯ ಆಸ್ತಿ ನಿರ್ವಹಣಾ ಯೋಜನೆಗೆ ಸಲಹಾ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕರಡಿನಲ್ಲಿ ಪೈಪು, ಚರಂಡಿ, ಬೀದಿದೀಪಗಳೆಲ್ಲ ಇವೆ. ಮಳೆನೀರನ್ನು ಹಿಡಿದಿಟ್ಟು ಊರಿನ ಕೊಳವೆಬಾವಿಗಳಿಗೆ ಜೀವ ತುಂಬುವ ಕೆರೆಯಾಗಲಿ, ಅದರ ರಾಜಕಾಲುವೆಗಳಾಗಲಿ ಎಲ್ಲಿಯೂ ಇಲ್ಲದಿರುವುದು ನನಗೆ ನೋವು ತಂದಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಗಿಬ್ಸನ್ಸ್ ಎಂಬ ಪುಟ್ಟ ಪಟ್ಟಣವು 2014ರಲ್ಲಿಯೇ ತನ್ನ ಅಂತರ್ಜಲ, ತೊರೆ, ಕಾಡುಗಳನ್ನು ಮೂಲಸೌಕರ್ಯವೆಂದು ಒಪ್ಪಿಕೊಂಡಿತು. ವೈಟ್ ಟವರ್ ಉದ್ಯಾನದ ಕೊಳಗಳು ಮಾಡುವ ಕೆಲಸವನ್ನು ಕೃತಕ ಚರಂಡಿ ವ್ಯವಸ್ಥೆಯಿಂದ ಮಾಡಿಸಲು ಎಷ್ಟು ಖರ್ಚಾದೀತು ಎಂಬ ಬದಲಿ ವೆಚ್ಚದ ಲೆಕ್ಕದಿಂದ ಅವುಗಳಿಗೆ ಬೆಲೆ ಕಟ್ಟಲಾಯಿತು.

ನಮ್ಮ ಕೆರೆಗೂ ಇಂತಹ ಲೆಕ್ಕ ಹಾಕಲು ಯಾವ ಅಳತೆಗಳು ಬೇಕು, ಹೂಳೆತ್ತುವ ಹಾಗೂ ಕೋಡಿ ದುರಸ್ತಿಯ ವೆಚ್ಚವನ್ನು ಆಯವ್ಯಯದಲ್ಲಿ ಯಾವ ಶೀರ್ಷಿಕೆಯಡಿ ತೋರಿಸಬೇಕು ಎಂಬುದನ್ನು ಪುರಸಭೆಯ ಲೆಕ್ಕಪತ್ರ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.