ದಾಳಿಂಬೆ ಕಡ್ಡಿ ಚಿಗುರಿ ಆಮೇಲೆ ಒಣಗ್ತಾವೆ, ಯಾಕೆ ಸರ್?

ಪ್ರಶ್ನೆ, ಹೊಸದುರ್ಗ: ಸರ್ ನಮಸ್ಕಾರ, ಚಾಟ್ನಿ (ಕೊಂಬೆ ಸವರೋದು) ಮಾಡಿದಾಗ ಬಿದ್ದ ಭಗವಾ ತಳಿ ದಾಳಿಂಬೆ ಕಡ್ಡಿನೆಲ್ಲ ಆರಿಸ್ಕೊಂಡು ಬೇರು ಬರೋ ಹಾರ್ಮೋನ್ ಪುಡಿ ಹಚ್ಚಿ ಪಾಕೀಟಿಗೆ ನೆಟ್ಟಿದ್ವಿ, ಎಲ್ಲಾ ಕೆಂಪಗೆ ಚಿಗುರಿದ್ವು, ನಮ್ಮಪ್ಪ ಅಂತೂ ಬೀಗರಿಗೆಲ್ಲ ಗಿಡ ಕೊಡ್ತೀನಿ ಅಂದು ಬಂದ್ರು, ಈಗ ಅರ್ಧಕ್ಕರ್ಧ ಒಣಗಿ ನಿಂತಾವೆ. ಕಿತ್ತು ನೋಡಿದ್ರೆ ಬುಡ ಕರ್ರಗೆ, ಬೇರೇ ಇಲ್ಲ. ಪುಡಿ ಡೂಪ್ಲಿಕೇಟಾ? ಇನ್ನೂ ಜಾಸ್ತಿ ಹಚ್ಬೇಕಿತ್ತಾ?

ಉತ್ತರ, ನರ್ಸರಿಯವರು: ಚಿಗುರಿದ್ರೆ ಬೇರು ಬಂತು ಅಂತಲ್ಲ ಕಣ್ರಿ. ಕಡ್ಡಿಯೊಳಗೆ ಕೂಡಿಟ್ಟಿರೋ ಆಹಾರದಲ್ಲೇ ಕಣ್ಣು ಒಡೆಯುತ್ತೆ, ಎಲೆ ಬಿಚ್ಚಿದ್ಮೇಲೆ ನೀರು ಬೇಕು, ಎಳ್ಕೊಳ್ಳೋಕೆ ಬೇರಿಲ್ಲ, ಅಲ್ಲಿಗೆ ಮುಗೀತು. ಬುಡ ಕರ್ರಗಾಗಿದ್ರೆ ನೀರು ನಿಂತು ಕೊಳೆತಿರ್ಬೇಕು, ಇಲ್ಲಾ ಹಾರ್ಮೋನ್ ಜಾಸ್ತಿಯಾಗಿ ಸುಟ್ಟಿರ್ಬೇಕು. ಪಾಕೀಟಿಗೆ ಏನು ತುಂಬಿದ್ರಿ?

ಹೊಸದುರ್ಗ: ತೋಟದ ಎರೆಮಣ್ಣು, ಕೊಟ್ಟಿಗೆ ಗೊಬ್ಬರ ಸರ್. ದಿನಾ ಎರಡು ಹೊತ್ತು ನೀರು.

ಉತ್ತರ: ಸಿಕ್ತು ನೋಡ್ರಿ. ಎರೆಮಣ್ಣಲ್ಲಿ ಎರಡು ಹೊತ್ತು ನೀರು ಅಂದ್ರೆ ಯಾವ ಹಾರ್ಮೋನೂ ಉಳಿಸಲ್ಲ. ಮರಳು ಜೊತೆ ಕೆಂಪು ಮಣ್ಣು, ಇಲ್ಲಾ ಚೆನ್ನಾಗಿ ತೊಳೆದ ಕೋಕೋಪೀಟ್ ತಗೊಳ್ಳಿ, ಶೇಡ್ ನೆಟ್ ಕೆಳಗಿಡಿ, ಮೇಲ್ಮಣ್ಣು ಆರ್ತಾ ಬಂದ್ಮೇಲೆ ನೀರು. ಕಡ್ಡಿ ಪೆನ್ಸಿಲ್ ದಪ್ಪ ಇರ್ಲಿ, ಬಲಿತದ್ದು, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ, ಕೆಳಗಿನ ಕಣ್ಣಿಗೆ ಒತ್ತಿದಂಗೆ ಓರೆಯಾಗಿ ಕತ್ತರಿಸಿ. ಪುಡಿ ಬಿಟ್ಟು ನೀರೌಷಧಿ ಮಾಡ್ತೀರಾದ್ರೆ ಐಬಿಎ (ಬೇರು ಬರ್ಸೋ ಹಾರ್ಮೋನ್) ಲೀಟರಿಗೆ 2 ಗ್ರಾಂ, ಅಂದ್ರೆ 2000 ಪಿಪಿಎಂ. ಅದು ನೀರಲ್ಲಿ ಸರಿಯಾಗಿ ಕರಗಲ್ಲ, ಮೊದ್ಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ನೀರು ಸೇರಿಸಿ. ಬುಡ ಮಾತ್ರ ಹತ್ತು ಸೆಕೆಂಡು ಅದ್ದಿ ತೆಗೆದ್ರೆ ಸಾಕು, ರಾತ್ರಿಯೆಲ್ಲ ನೆನೆಸಿಟ್ರೆ ಸುಡುತ್ತೆ. ಕನಿಷ್ಠ ಒಂದೂವರೆ ತಿಂಗಳು ಕಿತ್ತು ನೋಡೋ ಚಪಲ ಬೇಡ.

ಇನ್ನೊಂದು, ಇದೇ ಮುಖ್ಯ. ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾ ರೋಗ) ಬಂದಿರೋ ತೋಟದ ಕಡ್ಡಿ ಎಷ್ಟೇ ಚೆನ್ನಾಗಿ ಕಂಡ್ರೂ ಮುಟ್ಬೇಡಿ, ಹೊಸ ತೋಟಕ್ಕೆ ರೋಗಾನೇ ನೆಟ್ಟಂಗೆ. ಬೀಗರಿಗೆ ಕೊಡೋದಿದ್ರಂತೂ ಮೊದ್ಲು ಇದನ್ನ ನೋಡ್ಕೊಳ್ಳಿ. ಅನುಮಾನ ಇದ್ರೆ ಹಿರಿಯೂರು ಹತ್ರದ ಬಬ್ಬೂರು ಫಾರ್ಮಿಗೆ, ಅಂದ್ರೆ ಕೃಷಿ ಸಂಶೋಧನಾ ಕೇಂದ್ರಕ್ಕೆ, ಹೋಗಿ ತೋರಿಸಿ.

ದಾವಣಗೆರೆಯಿಂದ ಒಬ್ರು: ಮೇಡಮ್ ಒಬ್ರು ಜೇನುತುಪ್ಪ, ಎಳನೀರು ಹಾಕಿ ಅಂತಾರೆ ಸರ್, ನಂದು ತಾರಸಿ ಮೇಲೆ ಅಂಜೂರ, ಸೀಬೆ ಎರಡೂ ಮಾಡೋ ಆಸೆ.

ಉತ್ತರ: ಜೇನುತುಪ್ಪ ಬೇರಿನ ಹಾರ್ಮೋನ್ ಅಲ್ಲ, ಗಾಯಕ್ಕೆ ಬೂಷ್ಟು ಹಿಡಿಯೋದು ಸ್ವಲ್ಪ ತಡೀಬಹುದು ಅಷ್ಟೆ. ಎಳನೀರಲ್ಲಿರೋದು ಚಿಗುರಿಗೆ ಕುಮ್ಮಕ್ಕು ಕೊಡೋ ಅಂಶ, ನಮಗೆ ಬೇಕಿರೋದು ಬೇರು, ಅದನ್ನ ಕುಡಿದುಬಿಡಿ. ಅಂಜೂರಕ್ಕೆ ಏನೂ ಬೇಡ, ಬಲಿತ ಕಡ್ಡಿ ಊರಿದ್ರೆ ಬರುತ್ತೆ. ಸೀಬೆ ಕಡ್ಡಿ ಮೊಂಡು, ಅದಕ್ಕೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದ್ರೆ ಕೊಂಬೆ ಗಿಡದಲ್ಲಿದ್ದಂಗೇ ಬೇರು ಬರ್ಸೋದು: ಒಂದಿಂಚು ಅಗಲ ಸಿಪ್ಪೆ ಸುತ್ತ ತೆಗೆದು, ಹಾರ್ಮೋನ್ ಮೇಲಂಚಿಗೆ ಹಚ್ಚಿ, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿದ್ರಾಯ್ತು.

ದಾವಣಗೆರೆ: ಮೇಲಂಚೇ ಯಾಕೆ ಸರ್?

ಉತ್ತರ: ಎಲೆಯಿಂದ ಇಳಿಯೋ ಆಹಾರ ಅಲ್ಲಿ ತಡೆದು ನಿಲ್ಲುತ್ತೆ, ಬೇರು ಒಡೆಯೋದೂ ಅಲ್ಲೇ.